ಮಾದೇವಿಯ ಸಿಂಬಿ

ಆ ದಿನ ಬೆಳಿಗ್ಗೆ ಗಾಳಿ ಹುಡುಕಿದರೂ ಇರಲಿಲ್ಲ. ಆಕಾಶ ಅಕ್ಕಿ ತೊಳೆದ ನೀರಿನ ಬಣ್ಣಕ್ಕೆ ತಿರುಗಿ, ಹೊಳೆ ಕಡಲು ಸೇರುವ ಅಳಿವೆಯ ಮೇಲೆ ತೆಳ್ಳಗೆ ಮಂಜು ಕೂತಿತ್ತು. ಹಂಚು ತುಂಬಿಕೊಂಡು ನಿಂತ ಹಡಗಿನ ಹೊಟ್ಟೆ ಕಾಣುತ್ತಿತ್ತು, ಪಟದ ಕಂಬ ಕಾಣುತ್ತಿರಲಿಲ್ಲ. ದಂಡೆಯಮ್ಮನ ಗುಡಿಗೆ ದೀಪ ಹಚ್ಚಲು ಹೋದವಳು, ದೀಪದ ಕುಡಿ ಒಂದಿಷ್ಟೂ ಅಲುಗದೆ ನಿಂತದ್ದನ್ನು ಕಂಡು, ಇವತ್ತು ಎಲ್ಲ ನೆಟ್ಟಗೆ ನಡೆಯುತ್ತದೆ ಎಂದುಕೊಂಡೆ. ಮಧ್ಯಾಹ್ನ ನೀರಿಳಿಯುವ ಹೊತ್ತಿಗೆ ಗಾಳಿ ಏಳುತ್ತದೆ, ಹಡಗು ಹೊರಡುತ್ತದೆ, ಬಂದರು ಅಳೆಯಲು ಬಂದ ಅಳತೆಯಮ್ಮ ಅದನ್ನು ನೋಡಿಕೊಂಡು ಹೋಗುತ್ತಾರೆ, ನಮ್ಮ ಊರು ಉಳಿಯುತ್ತದೆ. ತಾಯಿಯ ಮುಂದೆ ಕೈಮುಗಿದು ಇಷ್ಟನ್ನೇ ಬೇಡಿಕೊಂಡೆ.

ನನ್ನ ಗಂಡನ ಕೆಲಸ ಅಪ್ಪಣೆ ಕೇಳುವುದು. ನನ್ನ ಮಾವನವರದೂ ಅದೇ ಕೆಲಸವಾಗಿತ್ತು. ಊರವರು ಇವರನ್ನು ಪರಮಣ್ಣ ಎಂದು ಕರೆಯುತ್ತಾರೆ. ಹಡಗು ಹೊರಡುವ ಮುನ್ನ ಅದರ ಪರವಾಗಿ ಇವರು ಮಾಲು ಏರಿಸಿ ಇಳಿಸುವ ಧಕ್ಕೆಯ ಉದ್ದಕ್ಕೂ ನಡೆದು, ಹಡಗಿಗೆ ಕೈ ತಾಗಿಸಿದ ಒಬ್ಬೊಬ್ಬರ ಎದುರಿಗೂ ನಿಂತು, “ಹೋಗಿ ಬರ್ಲಿಯಾ?” ಎಂದು ಕೇಳುತ್ತಾರೆ. ಅವರು “ಹೋಗಿ ಬರ್ಲಿ” ಎನ್ನುತ್ತಾರೆ. ಹಂಚು ಹೊತ್ತವರು, ಗಾಡಿ ಹೊಡೆದವರು, ಹಗ್ಗ ಎಳೆದವರು, ಮಾಲು ಕಳಿಸಿದವರು ಎಲ್ಲರೂ ಮನಸ್ಸಿನಿಂದ ಆ ಮಾತು ಹೇಳಿ ಮುಗಿಸಿದ ಮೇಲೆ ನಮ್ಮ ಬಂದರಿನಲ್ಲಿ ಲಂಗರು ಏಳುತ್ತದೆ. ಒಬ್ಬರ ಮನಸ್ಸಿನಲ್ಲಿ ಕಸಿವಿಸಿ ಉಳಿದರೂ ಏಳುವುದಿಲ್ಲ. ಹತ್ತು ಆಳು ಸೇರಿ ರಾಟೆ ತಿರುಗಿಸಿದರೆ ಸರಪಳಿ ಬಿಗಿಯುತ್ತದೆ, ಹಡಗು ಮೂಗು ತಗ್ಗಿಸುತ್ತದೆ, ಲಂಗರು ಮಾತ್ರ ಕೆಸರಿನಲ್ಲಿ ಕೂತಲ್ಲೇ ಕೂತಿರುತ್ತದೆ.

ಇದಕ್ಕೆ ನಾವೆಲ್ಲ ಹೊಂದಿಕೊಂಡೇ ಬಾಳಿದವರು. ಹಡಗು ನಡೆಸುವ, ಬೇರೆ ಊರಿನಲ್ಲಿ ಗದರುವ ತಾಂಡೇಲರು ನಮ್ಮ ಧಕ್ಕೆಯಲ್ಲಿ ಇಳಿದೊಡನೆ ಹೊರೆಯವರ ಮಕ್ಕಳ ಜ್ವರ ವಿಚಾರಿಸುತ್ತಾರೆ. ಒಮ್ಮೆ ಒಬ್ಬ ತಾಂಡೇಲ ಚಾದಂಗಡಿ ರಾಮನಾಥನ ಚಾವನ್ನು ಪಾತ್ರೆ ತೊಳೆದ ನೀರು ಎಂದುಬಿಟ್ಟಿದ್ದ. ಹೊರಡುವ ದಿನ ಲಂಗರು ಕದಲಲಿಲ್ಲ. ಪಾಪ, ಅದೇ ಚಾವನ್ನು ಲೋಟದ ಮೇಲೆ ಲೋಟ ಕುಡಿದು, “ಅಮೃತ ಮಾರಾಯ, ಅಮೃತ” ಎಂದ. ರಾಮನಾಥ, “ಸುಳ್ಳು ಹೇಳ್ಬೇಡಿ, ನನಗೂ ಗೊತ್ತುಂಟು ಅದು ಹೇಗಿರ್ತದೆ ಅಂತ” ಎಂದು ನಕ್ಕ ಮೇಲೆ ಸರಪಳಿ ಸಡಿಲವಾಯಿತು. ಹಡಗು ಹೊರಡುವ ದಿನ ನಮ್ಮೂರಿನ ಅತ್ತೆ ಸೊಸೆಯರು ಕೂಡ ಜಗಳವನ್ನು ಮರುದಿನಕ್ಕೆ ಎತ್ತಿಡುತ್ತಾರೆ.

ಅಳತೆಯಮ್ಮ ಬಂದದ್ದು ಆ ಹಂಚಿನ ಹಡಗಿನ ಹಿಂದೆಯೇ. ಹೊಳೆಯ ಮೇಲ್ಗಡೆಯ ವರ್ತಕರ ಸಭೆ ಇನ್ನು ಮುಂದೆ ಹಂಚಿನ ಹಡಗುಗಳನ್ನೆಲ್ಲ ಒಂದೇ ಬಂದರಿಗೆ ಕಳಿಸುವುದೆಂದು ತೀರ್ಮಾನಿಸಿತ್ತು. ನಮ್ಮದೋ ಆಚೆ ಕರೆಯ, ಅಂದರೆ ಎದುರು ದಡದ, ಬಂದರೋ ಎಂದು ನೋಡಿ ಬರಲು ಈಕೆಯನ್ನು ಕಳಿಸಿದ್ದರು. ಹೆಸರು ಇಂದುಮತಿ. ಬಿಳಿಯ ಸೀರೆ, ಮೆಲು ಮಾತು, ಕಡಿಮೆ ಊಟ. ಬಂದ ದಿನವೇ ಕವುಚಿ ಹಾಕಿದ ಒಂದು ದೋಣಿಯ ಮೇಲೆ ಕೂತು, ಹೋಗಿ ಬರುವವರನ್ನೆಲ್ಲ ನಿಲ್ಲಿಸಿ, ಒಳ್ಳೆಯ ಬಂದರು ಎಂದರೆ ಯಾವುದು ಎಂದು ಕೇಳತೊಡಗಿದರು.

“ನಾನು ಬೇಗ ಬಿಟ್ಟು ಹೋಗುವಂಥದ್ದು” ಎಂದರು ಹಂಚಿನ ಹಡಗಿನ ಮೊಹಿದ್ದೀನ್ ತಾಂಡೇಲರು. ಹಂಚಿನ ವರ್ತಕರು, “ನನ್ನ ಮಾಲು ಒಡೆಯದೆ ಹೋಗುವಂಥದ್ದು, ತಡವಾದ್ರೂ ಅಡ್ಡಿಯಿಲ್ಲ” ಎಂದರು. ಗಾಡಿಯವನು ತನ್ನ ಎತ್ತುಗಳಿಗೆ ನೆರಳು ಇದ್ದ ಬಂದರೇ ಬಂದರು ಎಂದ. ಹೊರೆ ಹೊರುವ ಹೆಂಗಸರ ಸಾಲು ಬಂದಾಗ ಮಾದೇವಿ ತಲೆಯ ಮೇಲಿನ ಹಂಚು ಇಳಿಸದೆಯೇ ಹೇಳಿದಳು, “ಅಮ್ಮಾ, ಹಡಗು ನಿಂತಷ್ಟು ದಿನ ನಮಗೆ ಕೂಲಿ. ಬೇಗ ಹೋಗುದು ಚುರುಕು ಅಂತಾದ್ರೆ ಆ ಚುರುಕು ನಮ್ಮ ಒಲೆಗೆ ತಾಗುದಿಲ್ಲ. ಈ ಹಡಗು ಹೋದ್ರೆಷ್ಟು, ಬಿಟ್ರೆಷ್ಟು ನಮಗೆ.” ಹೆಂಗಸರೆಲ್ಲ ನಕ್ಕರು. ಅಳತೆಯಮ್ಮನೂ ನಕ್ಕರು. “ಬಂದರು ಒಂದೇ. ಅಳೆಯುವ ಕೋಲು ಮಾತ್ರ ಒಬ್ಬೊಬ್ಬರ ಕೈಯಲ್ಲಿ ಒಂದೊಂದು” ಎಂದರು.

ನಗದಿದ್ದವರು ಧಕ್ಕೆಯ ಯಜಮಾನರಾದ ವಾಮನ ಶೆಟ್ಟರು. ಅವರು ಕೆಟ್ಟವರಲ್ಲ. ಊರಿನ ಅನ್ನ ಎಲ್ಲಿ ಕೈತಪ್ಪುತ್ತದೋ ಎಂಬ ಹೆದರಿಕೆಯಲ್ಲಿ ನಿದ್ದೆಗೆಟ್ಟಿದ್ದರು. ಹಡಗು ಹೊರಡುವ ಹಿಂದಿನ ದಿನ ನಮ್ಮ ಜಗಲಿಗೆ ಬಂದು ಕೂತು ಇವರಿಗೆ ಹೇಳಿದರು, “ಪರಮಣ್ಣ, ನೀನು ಒಬ್ಬೊಬ್ಬರ ಹತ್ರ ನಿಂತು ಸುಖದುಃಖ ಮಾತಾಡ್ತಾ ಹೋದ್ರೆ ಕತ್ತಲಾಗ್ತದೆ. ಆಚೆ ಕರೆಯಲ್ಲಿ ಅಷ್ಟರೊಳಗೆ ಎರಡು ಹಡಗು ಬಿಟ್ಟಿರ್ತಾರೆ. ಈ ಸಲ ಗುಂಪಿಗೊಬ್ಬರ ಹತ್ರ ಕೇಳಿದ್ರೆ ಸಾಕು. ಹೊರೆಯವರ ಪರವಾಗಿ ಹೊರೆಯ ಮುಖ್ಯಸ್ಥೆ ಹೇಳ್ಲಿ, ಗಾಡಿಯವರ ಪರವಾಗಿ ಗಾಡಿಯವರ ಮುಖ್ಯಸ್ಥ ಹೇಳ್ಲಿ.”

“ಅಪ್ಪ ಹಾಗೆ ಮಾಡಿದ್ದು ನಾ ಕಾಣ್ಲಿಲ್ಲ” ಎಂದರು ಇವರು.

“ನಿನ್ನಪ್ಪನ ಕಾಲದಲ್ಲಿ ಅಳೆಯುವವರು ಬಂದಿದ್ರಾ?”

ಇವರು ಕೊನೆಗೆ ಆಗಲಿ ಎಂದು ತಲೆಯಾಡಿಸಿದರು. ನಾನು ಒಳಗಿನಿಂದ ಕೇಳಿಸಿಕೊಂಡೆ. ಮನೆಯಲ್ಲಿ ಅಕ್ಕಿಯ ಡಬ್ಬಿ ಯಾರ ಕೈಯಿಂದ ತುಂಬುತ್ತದೆ ಎಂಬುದು ನನಗೂ ಗೊತ್ತಿತ್ತು. ಬೆಲ್ಲ ನೀರು ತಂದು ಶೆಟ್ಟರ ಮುಂದಿಟ್ಟು ಒಳಗೆ ಹೋದೆ.

ಹಾಗೆ ಆ ಗಾಳಿಯಿಲ್ಲದ ಬೆಳಿಗ್ಗೆ ಇವರು ಧಕ್ಕೆಗೆ ಹೋದವರು, ಬಿಸಿಲು ಏರುವ ಮೊದಲೇ ಕೆಲಸ ಮುಗಿಸಿ ಬಂದರು. ಅಷ್ಟು ಬೇಗ ಮುಗಿದದ್ದಕ್ಕೆ ಅವರಿಗೇ ಕೈಕಾಲು ಎಲ್ಲಿಡಬೇಕೆಂದು ತಿಳಿಯುತ್ತಿರಲಿಲ್ಲ. ಮಧ್ಯಾಹ್ನ ಗಾಳಿ ಎದ್ದಿತು. ತಾಂಡೇಲರು ಕೈ ಎತ್ತಿದರು. ಆಳುಗಳು ರಾಟೆಗೆ ಹೆಗಲು ಕೊಟ್ಟರು. ಸರಪಳಿ ಬಿಗಿಯಿತು, ಹಡಗು ಮೂಗು ತಗ್ಗಿಸಿತು, ಲಂಗರು ಏಳಲಿಲ್ಲ.

ಕವುಚಿದ ದೋಣಿಯ ಮೇಲೆ ಕೂತು ಅಳತೆಯಮ್ಮ ನೋಡುತ್ತಿದ್ದರು. ಶೆಟ್ಟರ ಮುಖ ಇಳಿಯಿತು. ಅವರು ಧಕ್ಕೆಯ ಮೇಲೆ ನಿಂತಿದ್ದವರನ್ನೆಲ್ಲ ಒಮ್ಮೆ ನೋಡಿದರು. ಆಮೇಲೆ ಅವರ ಕಣ್ಣು ಮಾದೇವಿಯ ಮೇಲೆ ನಿಂತಿತು. ಅವರ ಕಣ್ಣು ನಿಂತಲ್ಲಿ ಎಲ್ಲರ ಕಣ್ಣೂ ನಿಂತಿತು. ಹೋದ್ರೆಷ್ಟು ಬಿಟ್ರೆಷ್ಟು ಎಂದವಳು ಅವಳೇ ತಾನೆ. ಹಿಂದಿನ ದಿನ ಅವಸರದಲ್ಲಿ ಹಲಗೆ ಏರುವಾಗ ಅವಳ ತಲೆಯ ಮೇಲಿಂದ ನಾಲ್ಕು ಹಂಚು ಜಾರಿ ಒಡೆದು, ತಾಂಡೇಲರ ಕಡೆಯವನೊಬ್ಬ ಅವಳ ಮೇಲೆ ಕೂಗಾಡಿದ್ದೂ ಎಲ್ಲರಿಗೂ ನೆನಪಾಯಿತು.

“ಮಾದೇವಿ, ಮನಸ್ಸಲ್ಲಿ ಇಟ್ಕೊಳ್ಬೇಡ. ಹೇಳಿಬಿಡು” ಎಂದರು ಶೆಟ್ಟರು.

“ನನ್ನ ಮನಸ್ಸಲ್ಲಿ ಎಂತದೂ ಇಲ್ಲ ಒಡೆಯಾ. ಆ ಹುಡುಗ ಕೂಗಿದ, ನಾನೂ ಎರಡು ಕೂಗಿದೆ, ಅಲ್ಲಿಗೇ ಮುಗೀತು.”

“ಹಾಗಾದ್ರೆ ಲಂಗರು ಯಾಕೆ ಏಳುದಿಲ್ಲ?”

“ಲಂಗರಿನ ಹತ್ರವೇ ಕೇಳ್ಬೇಕು.”

ಯಾರೂ ನಗಲಿಲ್ಲ. ಅವಳನ್ನು ಹಡಗಿನ ಹತ್ತಿರ ಕರೆದುಕೊಂಡು ಹೋಗಿ, ಸರಪಳಿಯ ಮೇಲೆ ಕೈ ಇಡಿಸಿ ಹೇಳಿಸಿದರು. “ಹೋಗಿ ಬರ್ಲಿ” ಎಂದಳು. ರಾಟೆ ತಿರುಗಿಸಿದರು. ಏಳಲಿಲ್ಲ. ದಂಡೆಯಮ್ಮನ ಎದುರು ನಿಲ್ಲಿಸಿ ಹೇಳಿಸಿದರು. ಹೇಳಿದಳು. ಏಳಲಿಲ್ಲ. ಜೊತೆಯ ಹೆಂಗಸರು ಅವಳಿಂದ ಒಂದೊಂದೇ ಹೆಜ್ಜೆ ದೂರ ಸರಿದದ್ದನ್ನು ನಾನು ಕಂಡೆ. ಗುಡಿಯ ಕಟ್ಟೆಯ ಮೇಲೆ ಎಣ್ಣೆಯ ಗಿಂಡಿ ಹಿಡಿದುಕೊಂಡು ನಿಂತಿದ್ದ ನಾನೂ ಅವಳ ಪರವಾಗಿ ಒಂದು ಮಾತಾಡಲಿಲ್ಲ.

ನಮ್ಮ ಧಕ್ಕೆಯ ಮಾಡಿನ ಕೆಳಗೆ ಉದ್ದದ ಒಂದು ಮರದ ತೊಲೆಯುಂಟು. ಅದರಲ್ಲಿ ಸಾಲಾಗಿ ಮೊಳೆ. ಒಂದೊಂದು ಮೊಳೆಗೆ ಒಬ್ಬೊಬ್ಬ ಹೊರೆಯವಳ ಸಿಂಬಿ. ಸಿಂಬಿ ಎಂದರೆ ಹೊರೆಯ ಕೆಳಗೆ ತಲೆಗೆ ಇಟ್ಟುಕೊಳ್ಳುವ ಬಟ್ಟೆಯ ಬಳೆ, ಅಷ್ಟೇ. ಆದರೆ ಮೊಳೆಯಲ್ಲಿ ಸಿಂಬಿ ಇದ್ದವಳಿಗೆ ಕೆಲಸದ ಸಾಲಿನಲ್ಲಿ ಜಾಗವುಂಟು, ಇಲ್ಲದವಳಿಗೆ ಇಲ್ಲ. ತಾಯಿ ಸತ್ತರೆ ಮಗಳ ಸಿಂಬಿ ಅದೇ ಮೊಳೆಗೆ ಬರುತ್ತದೆ. ಶೆಟ್ಟರು ಬೇರೆ ದಾರಿ ಕಾಣದೆ, “ಹಡಗು ಹೋಗುವ ತನಕ ಅವಳ ಸಿಂಬಿ ತೆಗೆದಿಡು, ಪರಮಣ್ಣ” ಎಂದರು. ಇವರು ಎಲ್ಲರ ಎದುರಿಗೆ ಕೈ ಎತ್ತಿ ಮೊಳೆಯಿಂದ ಸಿಂಬಿ ತೆಗೆದರು. ಮಾದೇವಿ ಅಳಲಿಲ್ಲ. ತಲೆಯನ್ನೊಮ್ಮೆ ಮುಟ್ಟಿ ನೋಡಿಕೊಂಡು, ಸೆರಗು ಸರಿಮಾಡಿ, ಮನೆಯ ದಾರಿ ಹಿಡಿದಳು.

ಆ ಸಿಂಬಿಯನ್ನು ಇವರು ಮನೆಗೆ ತಂದು ಒಳಕೋಣೆಯ ಗೂಡಿನಲ್ಲಿಟ್ಟರು. ಹಳೆಯ ಹಸಿರು ಸೀರೆಯ ಅಂಚನ್ನು ಬಿಗಿಯಾಗಿ ಸುತ್ತಿ ಹೊಲಿದದ್ದು. ಕೊಬ್ಬರಿ ಎಣ್ಣೆ, ಬೆವರು, ಹಂಚಿನ ಕೆಂಪು ಹುಡಿ ಎಲ್ಲ ಸೇರಿ ಒಂದು ವಾಸನೆ ಬರುತ್ತಿತ್ತು. ದೇವರ ಮುಂದೆ ಕೂತರೂ ಆ ವಾಸನೆಯೇ. ಮೇಲೆ ಒಂದು ಬಟ್ಟೆ ಮುಚ್ಚಿದೆ. ಬಟ್ಟೆ ಮುಚ್ಚಿದ ಮೇಲೆ ಅದು ಇನ್ನಷ್ಟು ಎದ್ದು ಕಂಡಿತು. ಇವರು ಊಟದ ಎಲೆಯ ಮುಂದೆ ಕೂತು, ಅನ್ನ ಕಲಸಿ, ಕೈ ತೊಳೆದುಕೊಂಡು ಎದ್ದರು.

ಮರುದಿನ ಬೆಳಿಗ್ಗೆ ನಾನು ಮರಳಿನ ದಿಬ್ಬದ ಕಡೆಗೆ ಹೋದೆ. ಅಲ್ಲಿ ಜಟ್ಟಜ್ಜನ ಗುಡಿಸಲು. ಅಳಿವೆಯ ಬಾಯಲ್ಲಿ ಅವನು ಬಲೆ ಕಟ್ಟುತ್ತಾನೆ. ದೊಡ್ಡ ಹಡಗು ಒಳಗೆ ಬಂತೆಂದರೆ ದಾರಿ ಬಿಡಲು ಬಲೆ ಎತ್ತಿಬಿಡುತ್ತಾನೆ. ಹಡಗು ಹೋಗುವ ತನಕ ಅವನಿಗೆ ಮೀನಿಲ್ಲ. ಆದ್ದರಿಂದ ಹಡಗು ನಿಂತ ದಿನಗಳಲ್ಲಿ ನಮ್ಮ ಮನೆಯಿಂದ ಅವನಿಗೆ ಗಂಜಿ ಹೋಗುವುದು ಮಾವನವರ ಕಾಲದಿಂದ ನಡೆದು ಬಂದದ್ದು. ಗಂಜಿಯ ಪಾತ್ರೆ ಇಳಿಸಿದೆ. ಬಲೆ ಮರಳಿನ ಮೇಲೆ ಒಣಗಿ ಸೆಟೆದುಕೊಂಡಿತ್ತು. ಅಜ್ಜ ಬಲೆಯ ಹರಿದ ಕಣ್ಣು ಹೆಣೆಯುತ್ತ ಕೇಳಿದ, “ಈ ಸಲ ಪರಮು ಬರ್ಲಿಲ್ಲ. ಮೈ ಸಮ ಇಲ್ವಾ ಅವನಿಗೆ?”

ಪ್ರತಿ ಸಲ ಧಕ್ಕೆ ಮುಗಿಸಿ ಕೊನೆಗೆ ಈ ದಿಬ್ಬಕ್ಕೂ ಬಂದು ಅಜ್ಜನನ್ನು ಕೇಳುವುದು ಇವರ ವಾಡಿಕೆ. ಗುಂಪಿಗೊಬ್ಬರು ಎಂದು ಮಾಡಿದಾಗ ಯಾವ ಗುಂಪಿಗೂ ಸೇರದ ಒಬ್ಬ ಮನುಷ್ಯ ಇದ್ದಾನೆ ಎಂಬುದು ನಮ್ಮ ಯಾರ ತಲೆಗೂ ಹೊಳೆದಿರಲಿಲ್ಲ. ಅವನು ಹಡಗಿಗೆ ಏನನ್ನೂ ಹೊತ್ತವನಲ್ಲ, ಎಳೆದವನಲ್ಲ. ದಾರಿ ಬಿಟ್ಟವನು.

“ಅಜ್ಜ, ಅವರು ಬರದಿದ್ರೆ ಎಂತ, ನೀನೇ ಹೋಗಿ ಬರ್ಲಿ ಅಂತ ಹೇಳಿಬಿಡ್ಬಹುದಿತ್ತಲ್ಲ” ಎಂದೆ.

“ಕೇಳದೆ ಹೇಗೆ ಹೇಳುದು ಮಗಾ? ಮನೆಗೆ ಬಂದು ಕೂತವರಿಗೆ ನಾವಾಗಿ ಹೋಗಿ ಬಾ ಅಂದ್ರೆ ಹೊರಗೆ ಹಾಕಿದ ಹಾಗಲ್ವಾ? ಪಾಪ, ಇದ್ರೆ ಇರ್ಲಿ ಅಂತ ಸುಮ್ಮನೆ ಕೂತೆ.”

ಓಡುತ್ತ ಮನೆಗೆ ಬಂದು ಹೇಳಿದೆ. ಇವರು ಕೇಳುತ್ತ ಕೇಳುತ್ತಲೇ ಎದ್ದರು. ಆಮೇಲೆ ಅಂಗಿ ಕೂಡ ಹಾಕಿಕೊಳ್ಳದೆ, ಹೆಗಲಿಗೆ ವಸ್ತ್ರ ಎಸೆದುಕೊಂಡು ದಿಬ್ಬದ ಕಡೆ ಹೋದರು. ಅಜ್ಜನ ಎದುರಿಗೆ ಕೈಕಟ್ಟಿ ನಿಂತು ಕೇಳಿದರಂತೆ. ಅಜ್ಜ ಗಂಜಿ ಮುಗಿಸಿ ಬಾಯಿ ತೊಳೆದುಕೊಂಡು, “ಹೋಗಿ ಬರ್ಲಿ. ಒಳ್ಳೆ ಗಾಳಿ ಸಿಗ್ಲಿ” ಎಂದನಂತೆ.

ಸುದ್ದಿ ಕೇಳಿ ಧಕ್ಕೆಯಲ್ಲಿ ಎಲ್ಲರಿಗೂ ಜೀವ ಬಂದಂತಾಯಿತು. ಶೆಟ್ಟರು ಓಡಾಡತೊಡಗಿದರು. ಮಾದೇವಿಯ ಹೆಸರನ್ನು ಮಾತ್ರ ಯಾರೂ ಎತ್ತಲಿಲ್ಲ. ಹಡಗು ಹೋಗಲಿ, ಆಮೇಲೆ ನೋಡಿದರಾಯಿತು ಎಂದು ಎಲ್ಲರೂ ಒಳಗೊಳಗೇ ಅಂದುಕೊಂಡಂತಿತ್ತು. ಮಧ್ಯಾಹ್ನದ ಗಾಳಿ ಎದ್ದಿತು. ರಾಟೆ ತಿರುಗಿತು. ಸರಪಳಿ ಬಿಗಿಯಿತು. ಈ ಸಲ ಲಂಗರು ಸ್ವಲ್ಪ ಅಲುಗಿದ್ದು ರಾಟೆ ಹಿಡಿದವರ ಕೈಗೂ ಗೊತ್ತಾಯಿತು, ದಡದಲ್ಲಿ ನಿಂತವರ ಕಣ್ಣಿಗೂ ಗೊತ್ತಾಯಿತು. ನೀರಿನಿಂದ ಕೆಸರು ಮೇಲೆ ಬಂತು. ಆಮೇಲೆ ಮತ್ತೆ ಕಚ್ಚಿಕೊಂಡು ಕೂತಿತು.

ಯಾರೂ ಯಾರ ಕಡೆಗೂ ನೋಡಲಿಲ್ಲ. ಹಿಂದಿನ ದಿನ ಅಷ್ಟು ಚೆನ್ನಾಗಿ ಒಂದೇ ಕಡೆ ನಿಂತಿದ್ದ ಕಣ್ಣುಗಳು ಇವತ್ತು ಮರಳಿನ ಮೇಲೆ, ಹಗ್ಗದ ಮೇಲೆ, ತಮ್ಮ ತಮ್ಮ ಕಾಲಿನ ಮೇಲೆ ಹರಿದಾಡಿದವು. ಅಳತೆಯಮ್ಮ ಮೊದಲ ಬಾರಿಗೆ ಎದ್ದು ಬಂದು ಕೇಳಿದರು, “ಇನ್ನೂ ಕೇಳಬೇಕಾದವರು ಯಾರಾದರೂ ಉಳಿದಿದ್ದಾರೆಯೇ?”

“ಇಲ್ಲ ತಾಯೀ, ಕೆಸರು ಹೆಚ್ಚಾಗಿದೆ. ನಾಳೆ ನೋಡುವಾ” ಎಂದರು ಶೆಟ್ಟರು.

ಸಂಜೆ ಇಳಿಬಿಸಿಲಿನಲ್ಲಿ ಇವರು ಗೂಡಿನಿಂದ ಸಿಂಬಿ ತೆಗೆದುಕೊಂಡು, ವಸ್ತ್ರದೊಳಗೆ ಮುಚ್ಚಿ, ಮಾದೇವಿಯ ಮನೆಗೆ ಹೊರಟರು. ನಾನೂ ಹಿಂದೆ ಹೋದೆ. ಅವಳು ಅಂಗಳದಲ್ಲಿ ಕೂತು ಚಿಪ್ಪಿಕಲ್ಲಿನ ಮಾಂಸ ಬಿಡಿಸುತ್ತಿದ್ದಳು. ನಮ್ಮನ್ನು ಕಂಡು ಏಳಲಿಲ್ಲ. ಮಣೆ ತೋರಿಸಿದಳು. ಯಾವ ಹೊತ್ತಿನಲ್ಲೂ ಬಂದವರಿಗೆ ಮಣೆ ಕೊಡದೆ ಇರುವವಳಲ್ಲ. ನಾವು ಕೂರಲಿಲ್ಲ.

“ತಪ್ಪಾಯ್ತು ಮಾದೇವಿ” ಎಂದರು ಇವರು. “ಜಟ್ಟಜ್ಜನ ಹತ್ರ ಕೇಳುದು ಬಿಟ್ಟಿದ್ದೆ. ನಿನ್ನ ಹತ್ರ ಏನೂ ಇರ್ಲಿಲ್ಲ.”

“ಆವಾಗ ಇರ್ಲಿಲ್ಲ ಪರಮಣ್ಣ. ಈಗ ಉಂಟು.” ಅವಳು ಚಿಪ್ಪಿನಿಂದ ಕೈ ತೆಗೆಯದೆ ಹೇಳಿದಳು. “ನೀವೇ ತಂದಿಟ್ಟದ್ದು. ನಿನ್ನೆ ನಾನು ಸುಳ್ಳು ಹೇಳ್ಲಿಲ್ಲ, ಆದ್ರೂ ಯಾರೂ ನಂಬ್ಲಿಲ್ಲ. ಇವತ್ತು ಹೋಗಿ ಬರ್ಲಿ ಅಂದ್ರೆ ಅದು ಸುಳ್ಳಾಗ್ತದೆ. ಸುಳ್ಳು ಹೇಳು ಅಂತ ಹೇಳ್ಲಿಕ್ಕೆ ಬಂದ್ರಾ?”

ಇವರು ವಸ್ತ್ರ ಸರಿಸಿ ಸಿಂಬಿಯನ್ನು ಮುಂದೆ ಹಿಡಿದರು. ಅವಳು ಅದನ್ನು ನೋಡಿದಳು. ಅವಳ ಕೈ ಒಮ್ಮೆ ಮುಂದೆ ಬಂದು ಮತ್ತೆ ಚಿಪ್ಪಿಗೇ ಹೋಯಿತು.

“ಅದು ನನ್ನವ್ವನ ಸೀರೆಯದ್ದು. ತೆಗೆಯುವಾಗ ಹಾಡು ಹಗಲು, ಊರೆಲ್ಲ ನೋಡ್ತಿತ್ತು. ಕೊಡುವಾಗ ಮುಚ್ಚಿ ತಂದ್ರಿ.” ಆಮೇಲೆ ನನ್ನ ಕಡೆ ತಿರುಗಿದಳು. “ದೇವಕಕ್ಕ, ನೀವು ಗುಡಿಯ ಕಟ್ಟೆಯ ಮೇಲೆಯೇ ಇದ್ರಿ ಅಲ್ವಾ?”

“ಇದ್ದೆ” ಎಂದೆ. ದಿನಾ ಬೆಳಿಗ್ಗೆ ತಾಯಿಗೆ ದೀಪ ಹಚ್ಚುವ ಕೈ ಇದು. ಅದೇ ತಾಯಿಯ ಎದುರು ಒಬ್ಬ ಹೆಣ್ಣುಮಗಳನ್ನು ನಿಲ್ಲಿಸಿದಾಗ ಈ ಕೈ ಎಣ್ಣೆಯ ಗಿಂಡಿ ಚೆಲ್ಲದ ಹಾಗೆ ಹಿಡಿದುಕೊಂಡಿತ್ತು.

ಹಿಂದೆ ಬರುವಾಗ ದಾರಿಯಲ್ಲಿ ಶೆಟ್ಟರು ಸಿಕ್ಕಿದರು. ಇವರ ಕೈಯಲ್ಲಿ ಸಿಂಬಿ ಕಂಡು ಎಲ್ಲ ಅರ್ಥ ಮಾಡಿಕೊಂಡರು. ತಗ್ಗಿದ ದನಿಯಲ್ಲಿ, “ಮನೆಯ ಒಳಗೇ ಮುಗಿಸು ಪರಮಣ್ಣ. ಅಳತೆಯಮ್ಮನ ಎದುರು ಬೇಡ. ತಪ್ಪಿಲ್ಲದ ಒಂದು ಹೆಂಗಸಿನ ತಲೆಬಟ್ಟೆ ಕಿತ್ತಿಟ್ಟು ಹಡಗು ಬಿಡಿಸ್ಲಿಕ್ಕೆ ಹೋದ ಊರು ಇದು ಅಂತ ವರ್ತಕರ ಸಭೆಯಲ್ಲಿ ಓದಿದ್ರೆ ಮತ್ತೆ ಒಂದು ಹಂಚೂ ಈ ಕಡೆ ಬರುದಿಲ್ಲ” ಎಂದರು.

“ಬೇಗ ಮುಗಿಸುವಾ ಅಂತ ಹೋಗಿಯೇ ಇಷ್ಟಾಯ್ತಲ್ಲ ಶೆಟ್ರೆ” ಎಂದರು ಇವರು.

ಶೆಟ್ಟರು ದಾರಿಯ ಆಚೆ ಈಚೆ ನೋಡಿ, “ನಾನೇ ಹೇಳಿದ್ದು ಅಂತಲೂ ಹೇಳ್ತಿಯಾ?” ಎಂದು ಕೇಳಿದರು.

“ತೆಗೆದದ್ದು ನನ್ನ ಕೈ. ನನ್ನದಷ್ಟನ್ನು ನಾನು ನೋಡ್ಕೊಳ್ತೇನೆ.”

ಹಡಗು ಮರುದಿನ ಮಧ್ಯಾಹ್ನದ ಗಾಳಿಗೆ ಹೋಯಿತು. ಹಂಚಿನ ಹಡಗುಗಳು ಈಗ ಆಚೆ ಕರೆಗೆ ಹೋಗುತ್ತವೆ. ನಮ್ಮಲ್ಲಿಗೆ ಉಪ್ಪು ಬರುತ್ತದೆ, ತೆಂಗಿನ ನಾರು ಬರುತ್ತದೆ, ಹೇಗೋ ನಡೆಯುತ್ತದೆ. ತಾಂಡೇಲರಿಗೆ ಇದು ನಿಧಾನದ ಬಂದರು, ವರ್ತಕರಿಗೆ ಮಾಲು ಹೆಚ್ಚು ಒಡೆಯದ ಬಂದರು ಎಂದು ಅಳತೆಯಮ್ಮ ಬರೆದರಂತೆ. ಹೊರೆಯವರ ಮತ್ತು ದಾರಿ ಬಿಟ್ಟವರ ಲೆಕ್ಕಕ್ಕೆ ಏನು ಬರೆದರೋ ನಮಗೆ ತಿಳಿಯಲಿಲ್ಲ. ಕೇಳುವ ಮುಖವೂ ನಮಗಿರಲಿಲ್ಲ. ಇವರು ಈಗ ಅಪ್ಪಣೆ ಕೇಳಲು ಹೊರಟರೆ ಮೊದಲು ದಿಬ್ಬಕ್ಕೆ ಹೋಗುತ್ತಾರೆ, ಆಮೇಲೆ ಧಕ್ಕೆಗೆ. ಕತ್ತಲಾದರೆ ಆಗಲಿ ಎನ್ನುತ್ತಾರೆ.

ಆದರೆ ಹಡಗು ಹೋದ ಆ ದಿನದ ಬೆಳಿಗ್ಗೆ ನಡೆದದ್ದನ್ನು ಹೇಳದೆ ಹೋದರೆ ಈ ಕಥೆ ಹೇಳಿದ ಪುಣ್ಯವೂ ನನಗೆ ದಕ್ಕುವುದಿಲ್ಲ. ಕೆಲಸ ಹಂಚುವ ಹೊತ್ತು. ಮಾಡಿನ ಕೆಳಗೆ ಹೆಂಗಸರು ತಮ್ಮ ತಮ್ಮ ಸಿಂಬಿ ತೆಗೆದುಕೊಂಡು ಸಾಲು ನಿಂತಿದ್ದರು. ಗಾಡಿಯವರಿದ್ದರು, ತಾಂಡೇಲರಿದ್ದರು, ರಾಮನಾಥ ಚಾ ಸೋಸುತ್ತಿದ್ದ. ಅಳತೆಯಮ್ಮ ತಮ್ಮ ದೋಣಿಯ ಮೇಲಿದ್ದರು. ಶೆಟ್ಟರು ಒಂದು ಕಂಬದ ಹಿಂದೆ ಅರ್ಧ ಕಾಣುವ ಹಾಗೆ ನಿಂತಿದ್ದರು. ಮಾದೇವಿ ಬಂದಳು, ಬರುತ್ತಾಳೋ ಇಲ್ಲವೋ ಎಂದು ನನಗೆ ಖಾತ್ರಿ ಇರಲಿಲ್ಲ. ಸಾಲಿನ ಹೊರಗೆ, ಬಿಸಿಲಿನಲ್ಲಿ ನಿಂತಳು. ತಲೆ ಬರಿದಾಗಿತ್ತು.

ಇವರು ಧಕ್ಕೆಯ ಆ ತುದಿಯಿಂದ ನಡೆದು ಬಂದರು. ಹೆಗಲಿನಲ್ಲಿ ವಸ್ತ್ರ ಇರಲಿಲ್ಲ. ಸಿಂಬಿ ಬರಿ ಅಂಗೈ ಮೇಲೆ, ಎಲ್ಲರಿಗೂ ಕಾಣುವಂತೆ. ತಾಂಡೇಲರನ್ನು ದಾಟಿದರು, ಗಾಡಿಗಳನ್ನು ದಾಟಿದರು, ಅಳತೆಯಮ್ಮನ ಎದುರಿಗೇ ಹಾದು ಬಂದರು. ಚಾ ಸೋಸುವ ಸದ್ದು ನಿಂತಿತು. ಮಾದೇವಿಯ ಎದುರಿಗೆ ಬಂದು ನಿಂತಾಗ ಇವರು ಅಪ್ಪಣೆ ಕೇಳುತ್ತಾರೆ ಎಂದೇ ನಾವೆಲ್ಲ ಕಾದೆವು. ಇವರು ಏನನ್ನೂ ಕೇಳಲಿಲ್ಲ. ತಲೆ ತಗ್ಗಿಸಿ, ಎರಡೂ ಕೈಯಿಂದ ಸಿಂಬಿಯನ್ನು ಅವಳ ಕೈಗೆ ಕೊಟ್ಟರು.